ದೆಹಲಿಯ ಅಧಿಕಾರ ಬೆಂಗಳೂರಿಗೆ ಬಂದರೆ ಶಿರಸಿಯ ಬೆಳೆಗಾರನಿಗೆ ಏನು ಸಿಗುತ್ತದೆ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ಮುಕ್ತ ಮಾರುಕಟ್ಟೆ, ಸೀಮಿತ ಸರ್ಕಾರ ಬೇಕು ಎನ್ನುವವರು ರಾಜ್ಯಗಳಿಗೆ ಜಾಸ್ತಿ ಅಧಿಕಾರ ಕೊಡಿ ಎಂದೂ ಹೇಳುತ್ತಾರೆ. ಆದರೆ ನನಗೆ ದಿನಾ ಎದುರಾಗುವ ಎಪಿಎಂಸಿ, ಪಹಣಿ, ಅರಣ್ಯ ಇಲಾಖೆ ಎಲ್ಲ ರಾಜ್ಯದ್ದೇ ಅಲ್ವಾ? ದೆಹಲಿಯ ಅಧಿಕಾರ ಬೆಂಗಳೂರಿಗೆ ಬಂದರೆ ನನ್ನ ಮೇಲಿನ ಸರ್ಕಾರ ಹೇಗೆ ಕಡಿಮೆಯಾಗುತ್ತದೆ? ಎಪಿಎಂಸಿ ಮತ್ತು ಅಡಿಕೆ ಆಮದು ವಿಷಯದಲ್ಲಿ ಇವರ ನಿಲುವು ನಮ್ಮಂಥವರಿಗೆ ಒಳ್ಳೆಯದೋ, ಕೆಟ್ಟದ್ದೋ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಅಧಿಕಾರ ದೆಹಲಿಯಿಂದ ಬೆಂಗಳೂರಿಗೆ ಬಂದ ಮಾತ್ರಕ್ಕೆ ನಿಮ್ಮ ಮೇಲಿನ ಸರ್ಕಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಕೆಲವೊಮ್ಮೆ ಜಾಸ್ತಿಯೇ ಆಗುತ್ತದೆ. ನಾನು ಸೀಮಿತ ಸರ್ಕಾರದ ಪರ ಇರುವವನು. ಆದರೂ ರಾಜ್ಯದ ಹಕ್ಕು ಮತ್ತು ಜನರ ಸ್ವಾತಂತ್ರ್ಯ ಎರಡೂ ಒಂದೇ ಎಂದು ನಾನು ಹೇಳಲಾರೆ. ಎರಡು ಸಂಗತಿ ಇದ್ದಾಗ ಮಾತ್ರ ಒಕ್ಕೂಟ ವ್ಯವಸ್ಥೆ ಸರ್ಕಾರವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಒಂದು, ಜನ, ಸರಕು, ದುಡ್ಡು ಗಡಿ ದಾಟಿ ಹೋಗುವ ದಾರಿ ತೆರೆದಿರಬೇಕು. ಇನ್ನೊಂದು, ಖರ್ಚು ಮಾಡುವವರೇ ಜನರ ಮುಂದೆ ಬಂದು ತೆರಿಗೆ ಕೇಳಬೇಕು. ಇವೆರಡೂ ಇಲ್ಲದಿದ್ದರೆ ದೂರದ ದೊರೆಯ ಜಾಗಕ್ಕೆ ಹತ್ತಿರದ ದೊರೆ ಬರುತ್ತಾನೆ, ಅಷ್ಟೇ.

ಮೊದಲನೆಯದನ್ನು ನೋಡಲು ನೀವು ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಸಾಕು. ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ದಾಟಿದರೆ ಗೋವಾದ ಪೋಳೆಂ. ಅಲ್ಲಿ ಪೆಟ್ರೋಲ್ ಅಗ್ಗ. ಕಾರವಾರದವರು ಕೆಲಸಕ್ಕೆಂದು ಆ ಕಡೆ ಹೋದಾಗ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಪೆಟ್ರೋಲ್, ಡೀಸೆಲ್, ಮದ್ಯ ಇವು ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ. ಹಾಗಾಗಿ ಪ್ರತಿ ರಾಜ್ಯ ತನ್ನ ದರ ತಾನೇ ಹಾಕುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಹುಬ್ಬಳ್ಳಿಯವರಿಗೆ ಗೊಣಗುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಕಾರವಾರದವರಿಗೆ ಇತ್ತು. ಗಡಿಯ ಆಚೆ ಇನ್ನೊಂದು ಸರ್ಕಾರ ಕಡಿಮೆ ತೆರಿಗೆ ಹಾಕಿ ಕೂತಿದ್ದರೆ ಈಚಿನ ಸರ್ಕಾರ ದರ ಏರಿಸುವಾಗ ಲೆಕ್ಕ ಹಾಕಲೇಬೇಕು, ತೀರಾ ಏರಿಸಿದರೆ ಗಿರಾಕಿ ಆಚೆ ಹೋಗುತ್ತಾನೆ ಎಂದು. ಅರ್ಥಶಾಸ್ತ್ರದಲ್ಲಿ 1950ರ ದಶಕದಿಂದಲೂ ಇದರ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ಐದು ವರ್ಷಕ್ಕೊಮ್ಮೆ ಹಾಕುವ ಮತ ಒಂದು ಬಗೆಯದು. ಎದ್ದು ಬೇರೆ ಊರಿಗೆ ನಡೆದುಬಿಡುವುದೂ ಒಂದು ಮತವೇ.

ಗಡಿ ತೆರೆದಿರಬೇಕು ಎಂದೆನಲ್ಲ, ಅದು ಮುಚ್ಚಿದರೆ ಏನಾಗುತ್ತದೆ ಎಂಬುದನ್ನೂ ಕಾರವಾರವೇ ಕಂಡಿದೆ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಎಂಬ ರಾಸಾಯನಿಕ ಬೆರೆಸುತ್ತಾರೆ ಎಂದು ಗಲಾಟೆ ಎದ್ದಾಗ ಗೋವಾ ಸರ್ಕಾರ ಹೊರಗಿನ ಮೀನಿಗೆ ತಡೆ ಹಾಕಿತು. ಆಮೇಲೆ ನೋಂದಣಿ ಬೇಕು, ಹೊರಗಿನ ಶಾಖ ತಾಗದ ಇನ್ಸುಲೇಟೆಡ್ ವಾಹನವೇ ಬೇಕು ಎಂದು ಷರತ್ತು ಇಟ್ಟಿತು. ಕಾರವಾರದ ಸಣ್ಣ ಮೀನು ವ್ಯಾಪಾರಿಗೆ ಮಡಗಾಂವ್ ಎಂದರೆ ಪಕ್ಕದ ಪೇಟೆ. ಬೆಳಗಿನ ಜಾವ ಬಲೆ ಬಿಡಿಸಿ, ಮಂಜುಗಡ್ಡೆ ಹಾಕಿದ ಪೆಟ್ಟಿಗೆಯಲ್ಲಿ ಬಂಗುಡೆ ತುಂಬಿ ಟೆಂಪೋ ಹತ್ತಿಸಿದರೆ ಹೊತ್ತು ಏರುವುದರೊಳಗೆ ಅಲ್ಲಿ ಮಾರಾಟ. ಅಂಥವನಿಗೆ ಇನ್ಸುಲೇಟೆಡ್ ವಾಹನ ಎಲ್ಲಿಂದ ಬರಬೇಕು? ವಿಷ ಬೆರೆಸಿದ ಮೀನನ್ನು ತಡೆಯುವುದು ಸರ್ಕಾರದ ಕೆಲಸವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕೆ ಮೀನನ್ನು ಪರೀಕ್ಷೆ ಮಾಡಬೇಕು. ಗಡಿಯಲ್ಲಿ ಎಲ್ಲರ ಗಾಡಿಯನ್ನೂ ನಿಲ್ಲಿಸಿದರೆ ಶಿಕ್ಷೆ ಬೀಳುವುದು ನೆಟ್ಟಗೆ ವ್ಯಾಪಾರ ಮಾಡುವವನಿಗೆ. ನಮ್ಮ ಸಂವಿಧಾನದ 301ನೇ ವಿಧಿ ದೇಶದುದ್ದಕ್ಕೂ ವ್ಯಾಪಾರ ಮುಕ್ತವಾಗಿರಬೇಕು ಎನ್ನುತ್ತದೆ. ರಾಜ್ಯವೊಂದು ಸಾರ್ವಜನಿಕ ಹಿತಕ್ಕಾಗಿ ಅದನ್ನು ನಿರ್ಬಂಧಿಸಲು ಕಾನೂನು ಮಾಡುವುದಾದರೆ 304ನೇ ವಿಧಿಯಂತೆ ಮಸೂದೆ ಮಂಡಿಸುವ ಮೊದಲೇ ರಾಷ್ಟ್ರಪತಿಯ ಒಪ್ಪಿಗೆ ಬೇಕು. ಇಲ್ಲಿ ಕೇಂದ್ರದ ಕೈ ಬಲವಾಗಿರಬೇಕು ಎಂದೇ ನಾನು ಹೇಳುತ್ತೇನೆ. ಸೀಮಿತ ಸರ್ಕಾರ ಎಂದರೆ ದುರ್ಬಲ ಕೇಂದ್ರ ಎಂದು ತಿಳಿಯಬೇಡಿ. ರಾಜ್ಯಗಳು ಒಂದರ ಮೇಲೊಂದು ಬೇಲಿ ಹಾಕಿಕೊಳ್ಳದಂತೆ ನೋಡಿಕೊಳ್ಳುವ ಕೇಂದ್ರ ಬೇಕೇ ಬೇಕು.

ಈಗ ನಿಮ್ಮ ಎಪಿಎಂಸಿಗೆ ಬರೋಣ. ಕೃಷಿ, ಸಂತೆ-ಮಾರುಕಟ್ಟೆ, ರಾಜ್ಯದೊಳಗಿನ ವ್ಯಾಪಾರ ಮೂರೂ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ, ಅಂದರೆ ಕಾನೂನು ಮಾಡುವ ಅಧಿಕಾರ ರಾಜ್ಯದ್ದು. ನಮ್ಮದು 1966ರ ಕಾಯ್ದೆ. ಪರವಾನಗಿ ಇರುವ ವ್ಯಾಪಾರಿ, ಅಂಗಳದೊಳಗೆ ಮಾತ್ರ ಖರೀದಿ, ಅದಕ್ಕೊಂದು ಶುಲ್ಕ. ತೂಕದ ಮೋಸ, ಸಾಲ ಕೊಟ್ಟು ಬೆಳೆ ಕಟ್ಟಿಹಾಕುವ ದಲ್ಲಾಳಿ, ಇವರಿಂದ ರೈತನನ್ನು ಉಳಿಸುವುದು ಅದರ ಉದ್ದೇಶವಾಗಿತ್ತು. ಬರಬರುತ್ತಾ ಅದೇ ಕಾಯ್ದೆ ಹೊಸ ಖರೀದಿದಾರ ಒಳಗೆ ಬಾರದಂತೆ ತಡೆಯುವ ಗೋಡೆಯೂ ಆಯಿತು. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದಾಗ ಲೈಸೆನ್ಸ್-ಪರ್ಮಿಟ್ ರಾಜ್ ಎಂದು ಕರೆದದ್ದು ಇಂಥದ್ದನ್ನೇ.

ಆದರೆ ರಾಜ್ಯ ಪಟ್ಟಿಯಲ್ಲಿ ಇದ್ದದ್ದರಿಂದ ಆದ ಲಾಭವನ್ನೂ ನೋಡಿ. ಕೇರಳ ಇಂಥ ಕಾಯ್ದೆಯನ್ನು ಮಾಡಲೇ ಇಲ್ಲ. ಬಿಹಾರ 2006ರಲ್ಲಿ ಪೂರ್ತಿ ರದ್ದು ಮಾಡಿತು. ಕರ್ನಾಟಕ ಮೂರನೇ ದಾರಿ ಹಿಡಿಯಿತು. ಕಾಯ್ದೆ ಉಳಿಸಿಕೊಂಡು 2014ರಲ್ಲಿ ಮಾರುಕಟ್ಟೆಗಳನ್ನು ಕಂಪ್ಯೂಟರಿನಲ್ಲಿ ಒಂದಕ್ಕೊಂದು ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ ತಂದಿತು. 2016ರ ಏಪ್ರಿಲ್‌ನಲ್ಲಿ ಕೇಂದ್ರ ಶುರು ಮಾಡಿದ ಇ-ನ್ಯಾಮ್ ಎಂಬ ರಾಷ್ಟ್ರೀಯ ಆನ್‌ಲೈನ್ ಕೃಷಿ ಮಾರುಕಟ್ಟೆಗೆ ಪ್ರೇರಣೆ ಸಿಕ್ಕಿದ್ದು ಇಲ್ಲಿಂದಲೇ. ಮೂರು ರಾಜ್ಯ, ಮೂರು ಪ್ರಯೋಗ. ಬಿಹಾರದ ಪಾಠ ಏನೆಂದರೆ ಕಾಯ್ದೆ ತೆಗೆದ ಮಾತ್ರಕ್ಕೆ ಮಾರುಕಟ್ಟೆ ತಾನಾಗಿ ಹುಟ್ಟುವುದಿಲ್ಲ. ಅಲ್ಲಿ ಹಳೆಯ ಅಂಗಳಗಳು ಹಾಳುಬಿದ್ದವು, ಅವುಗಳ ಜಾಗ ತುಂಬುವಷ್ಟು ಖಾಸಗಿ ಮಾರುಕಟ್ಟೆ ಬರಲಿಲ್ಲ. ಇಡೀ ದೇಶಕ್ಕೆ ಒಂದೇ ಕಾಯ್ದೆ ಇದ್ದಿದ್ದರೆ ಈ ಪಾಠವನ್ನು ಎಲ್ಲರೂ ಒಟ್ಟಿಗೆ ಕಲಿಯಬೇಕಾಗುತ್ತಿತ್ತು, ಅಲ್ವಾ? ಅಮೆರಿಕದ ನ್ಯಾಯಮೂರ್ತಿ ಬ್ರಾಂಡೈಸ್ 1932ರ ಒಂದು ಭಿನ್ನ ತೀರ್ಪಿನಲ್ಲಿ ರಾಜ್ಯಗಳನ್ನು ಪ್ರಯೋಗಶಾಲೆ ಎಂದು ಕರೆದದ್ದು ಇದಕ್ಕೇ. ಒಂದು ಕಡೆ ಕೆಟ್ಟರೆ ಎಲ್ಲ ಕಡೆ ಕೆಡುವುದಿಲ್ಲ.

2020ರಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಕೇಂದ್ರ ಸರ್ಕಾರ, ಕೇಂದ್ರ-ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ ಆಹಾರ ಪದಾರ್ಥಗಳ ವ್ಯಾಪಾರದ ಬಾಬ್ತು ಹಿಡಿದು, ಅಂಗಳದ ಹೊರಗೆ ಯಾರು ಬೇಕಾದರೂ ಕೊಳ್ಳಬಹುದು, ಅಲ್ಲಿ ರಾಜ್ಯ ಶುಲ್ಕ ಹಾಕುವಂತಿಲ್ಲ ಎಂದು ಕಾನೂನು ಮಾಡಿತು. ಒಳಗಿನ ವಿಚಾರ ನನಗೆ ಬಹುಪಾಲು ಒಪ್ಪಿಗೆ. ರೈತ ತನ್ನ ಬೆಳೆಯನ್ನು ತನಗೆ ಬೇಕಾದಲ್ಲಿ ಮಾರಬೇಕು. ಆದರೆ ಮಾಡಿದ ರೀತಿ ತಪ್ಪು. ರಾಜ್ಯಗಳ ಜೊತೆ ಕೂತು ಮಾತಾಡದೆ, ಸುಗ್ರೀವಾಜ್ಞೆ ಹೊರಡಿಸಿ, ದೆಹಲಿಯಿಂದ ಸ್ವಾತಂತ್ರ್ಯ ಹೇರಲು ಹೋದರು. 2021ರ ಕೊನೆಯಲ್ಲಿ ಅದನ್ನು ವಾಪಸ್ ಪಡೆಯಬೇಕಾಯಿತು. ಕರ್ನಾಟಕ 2020ರಲ್ಲಿ ತನ್ನದೇ ತಿದ್ದುಪಡಿ ಮಾಡಿಕೊಂಡಿತ್ತು. 2023ರಲ್ಲಿ ಬಂದ ಹೊಸ ಸರ್ಕಾರ ಅದನ್ನು ತೆಗೆಯುವ ಮಸೂದೆ ತಂದಿತು. ಆ ಮಸೂದೆ ನನಗೆ ಹಿಡಿಸಲಿಲ್ಲ. ಆದರೂ ಜಗಳ ಇರಬೇಕಾದ ಜಾಗದಲ್ಲೇ ಇದೆ. ನೀವು ನಿಮ್ಮ ಶಾಸಕರನ್ನು ಹಿಡಿದು ಕೇಳಬಹುದು.

ನಿಮ್ಮ ಮಟ್ಟಿಗೆ ಇದು ಏನು? ಶಿರಸಿಯಲ್ಲಿ ಅಡಿಕೆ ಬೆಳೆಗಾರನ ಸ್ಥಿತಿ ಬೇರೆ ಕಡೆಗಿಂತ ಮೇಲು. ಅದಕ್ಕೆ ಮುಖ್ಯ ಕಾರಣ ಸರ್ಕಾರ ಅಲ್ಲ. 1923ರಲ್ಲೇ ಬೆಳೆಗಾರರು ಸೇರಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. ಟೆಂಡರ್ ನಡೆಯುವ ದಿನ ಸಹಕಾರಿ ಸಂಘದ ಅಂಗಳಕ್ಕೆ ಹೋಗಿ ನಿಂತು ನೋಡಿದರೆ ಮುಕ್ತ ಮಾರುಕಟ್ಟೆ ಎಂದರೇನು ಎಂದು ಪುಸ್ತಕ ಓದದೆ ತಿಳಿಯುತ್ತದೆ. ಚಾಲಿ ಬೇರೆ, ರಾಶಿ ಬೇರೆ, ಬೆಟ್ಟೆ ಬೇರೆ, ಕೆಂಪುಗೋಟು ಬೇರೆ. ವ್ಯಾಪಾರಿ ಮುಷ್ಟಿಗೆ ನಾಲ್ಕು ಅಡಿಕೆ ತೆಗೆದು ಅಲುಗಾಡಿಸಿ ನೋಡುತ್ತಾನೆ, ಒಂದನ್ನು ಒಡೆದು ಒಳಗಿನ ಬಣ್ಣ ನೋಡುತ್ತಾನೆ, ತನ್ನ ದರ ಬರೆಯುತ್ತಾನೆ. ಪಕ್ಕದವನು ಎಷ್ಟು ಬರೆದ ಎಂದು ಅವನಿಗೆ ಗೊತ್ತಿಲ್ಲ. ಹೆಚ್ಚು ಬರೆದವನಿಗೆ ಮಾಲು. ದರ ಒಗ್ಗದಿದ್ದರೆ ಬೆಳೆಗಾರ ಕೊಡುವುದಿಲ್ಲ ಎನ್ನಬಹುದು. ಆ ಕೊಡುವುದಿಲ್ಲ ಎನ್ನುವ ಹಕ್ಕು ಇದೆಯಲ್ಲ, ಅದೇ ಎಲ್ಲಕ್ಕಿಂತ ದೊಡ್ಡದು. ಸಂಘದಿಂದ ಮುಂಗಡ ಸಿಗುತ್ತದೆ, ಮಾಲು ಇಡಲು ಜಾಗ ಇದೆ, ಹಾಗಾಗಿ ಆ ಹಕ್ಕಿಗೆ ಬೆಲೆ ಬಂದಿದೆ. ಇದನ್ನು ಜನರೇ ಸ್ವಇಚ್ಛೆಯಿಂದ ಕಟ್ಟಿದ್ದು. ಸೀಮಿತ ಸರ್ಕಾರ ಎಂದರೆ ಪ್ರತಿಯೊಬ್ಬನೂ ಒಂಟಿ ಎಂದು ಟೀಕಿಸುವವರು ಒಮ್ಮೆ ಇಲ್ಲಿಗೆ ಬರಬೇಕು.

ಸಹಕಾರ ಸಂಘಗಳೂ ರಾಜ್ಯ ಪಟ್ಟಿಯವೇ. ಕರ್ನಾಟಕ 1959ರ ಸಹಕಾರ ಕಾಯ್ದೆಯ ಜೊತೆಗೆ, ಸರ್ಕಾರದ ಹಿಡಿತ ಕಡಿಮೆ ಇರುವ ಸೌಹಾರ್ದ ಕಾಯ್ದೆಯನ್ನು 1997ರಲ್ಲಿ ಮಾಡಿತು. ಎರಡೂ ಪಕ್ಕಪಕ್ಕದಲ್ಲಿವೆ. ಸಂಘದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. 2011ರಲ್ಲಿ ಸಂಸತ್ತು 97ನೇ ತಿದ್ದುಪಡಿ ಮೂಲಕ ದೇಶದ ಎಲ್ಲ ಸಹಕಾರ ಸಂಘಗಳಿಗೆ ನಿಯಮ ಹಾಕಲು ಹೋಯಿತು. ರಾಜ್ಯಗಳ ವಿಧಾನಸಭೆಗಳ ಅನುಮೋದನೆ ಪಡೆದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ, ಒಂದೇ ರಾಜ್ಯದೊಳಗೆ ಕೆಲಸ ಮಾಡುವ ಸಂಘಗಳ ಮಟ್ಟಿಗೆ ಅದನ್ನು ರದ್ದು ಮಾಡಿತು. ನಿಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಯಾರೂ ಇದರ ಮಾತು ಎತ್ತಿರಲಿಕ್ಕಿಲ್ಲ. ಎತ್ತಬೇಕಾದ ವಿಷಯ.

ಅರಣ್ಯದ ವಿಚಾರದಲ್ಲಿ ಮಾತ್ರ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿದ್ದಬೇಕು. ಇಲಾಖೆ ರಾಜ್ಯದ್ದು, ಕೀಲಿಕೈ ದೆಹಲಿಯದು. 1976ರ 42ನೇ ತಿದ್ದುಪಡಿಯಲ್ಲಿ ಅರಣ್ಯ ರಾಜ್ಯ ಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು ಕೇಂದ್ರದ ಅನುಮತಿ ಬೇಕು. ಕಾಡು ಉಳಿಯಿತು ಎನ್ನುವವರ ಮಾತಿನಲ್ಲಿ ಸತ್ಯ ಇದೆ. ಆದರೆ ನಿಮ್ಮ ಸೊಪ್ಪಿನ ಬೆಟ್ಟ ನೋಡಿ. ತಲೆಮಾರುಗಳಿಂದ ಸೊಪ್ಪು ಕಡಿದು, ದರಕು ಗುಡಿಸಿ ತೋಟಕ್ಕೆ ಹಾಕುತ್ತಿದ್ದೀರಿ. ಅನುಭವಿಸುವ ಹಕ್ಕು ನಿಮ್ಮದು, ಒಡೆತನ ನಿಮ್ಮದಲ್ಲ. ನಾಳೆ ನಿಯಮ ಬದಲಾದರೆ ಏನು ಎಂಬ ಭಯ ಇರುವವನು ಬೆಟ್ಟದಲ್ಲಿ ಗಿಡ ನೆಟ್ಟು ಮೂವತ್ತು ವರ್ಷ ಕಾಯುತ್ತಾನೆಯೇ? ಗಟ್ಟಿ ಹಕ್ಕು ಕೊಟ್ಟರೆ ಜನ ಕಾಡನ್ನು ಹಾಳುಮಾಡುತ್ತಾರೆ ಎನ್ನುವವರು ಕುಮಟಾದ ಹಳಕಾರಕ್ಕೆ ಹೋಗಿ ಬರಲಿ. ಬ್ರಿಟಿಷರ ಕಾಲದಿಂದ ಅಲ್ಲಿ ಗ್ರಾಮ ಅರಣ್ಯ ಪಂಚಾಯ್ತಿ ಇದೆ. ಕಾವಲು, ಕಟ್ಟಿಗೆ, ದಂಡ ಎಲ್ಲ ಊರವರದೇ. ಪಂಚಾಯ್ತಿಯನ್ನು ತೆಗೆದುಹಾಕಲು ಸರ್ಕಾರ ಹೊರಟಾಗ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಅಮೆರಿಕದ ಸಂಶೋಧಕಿ ಎಲಿನಾರ್ ಆಸ್ಟ್ರಮ್‌ಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಇಂಥ ಊರುಗಳು ಹೇಗೆ ಗೆಲ್ಲುತ್ತವೆ ಎಂದು ತೋರಿಸಿದ್ದಕ್ಕೆ.

ಇನ್ನು ಎರಡನೇ ಸಂಗತಿ, ದುಡ್ಡು. ನನ್ನ ಪ್ರಕಾರ ನಮ್ಮ ಒಕ್ಕೂಟ ವ್ಯವಸ್ಥೆಯ ದೊಡ್ಡ ರೋಗ ಇದೇ. ತೆರಿಗೆ ಎತ್ತುವವರು ಒಬ್ಬರು, ಖರ್ಚು ಮಾಡುವವರು ಇನ್ನೊಬ್ಬರು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದು ರಾಜ್ಯಗಳು ತಮ್ಮ ಮುಖ್ಯ ತೆರಿಗೆಗಳನ್ನು ಬಿಟ್ಟುಕೊಟ್ಟವು. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ಭಾಗದ ತೂಕ. ನಿರ್ಣಯಕ್ಕೆ ನಾಲ್ಕನೇ ಮೂರು ಭಾಗ ಬೇಕು. ಅಂದರೆ ಕೇಂದ್ರ ಬೇಡ ಎಂದರೆ ಎಲ್ಲ ರಾಜ್ಯ ಸೇರಿದರೂ ಆಗುವುದಿಲ್ಲ. ಚೆಕ್‌ಪೋಸ್ಟ್‌ನಲ್ಲಿ ಲಾರಿ ಕಾಯುವುದು ತಪ್ಪಿತು, ಅದು ದೊಡ್ಡ ಲಾಭ. ಆದರೆ ದರದಲ್ಲಿ ಪೈಪೋಟಿ ನಡೆಸುವ ಅವಕಾಶವನ್ನು ರಾಜ್ಯಗಳು ಕಳೆದುಕೊಂಡವು.

ಹಣಕಾಸು ಆಯೋಗದ ಕಥೆ ನಿಮಗೆ ಗೊತ್ತಿರಬಹುದು. ಕೇಂದ್ರ ತೆರಿಗೆಯಲ್ಲಿ ರಾಜ್ಯಗಳಿಗೆ ಹೋಗುವ ಪಾಲಿನಲ್ಲಿ ಕರ್ನಾಟಕಕ್ಕೆ 14ನೇ ಆಯೋಗ ಶೇ. 4.713 ಕೊಟ್ಟಿತ್ತು. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಇದರ ಬಗ್ಗೆ ಬೆಂಗಳೂರಿನಲ್ಲಿ ಕೂಗು ಎದ್ದದ್ದು ನ್ಯಾಯವೇ. ನಾನು ಇನ್ನೊಂದು ಸಂಖ್ಯೆ ತೋರಿಸುತ್ತೇನೆ. 2026ರ ಮಾರ್ಚ್‌ವರೆಗೆ ನಡೆದ 15ನೇ ಆಯೋಗದ ಸೂತ್ರದಲ್ಲಿ ಆದಾಯ ಕಡಿಮೆ ಇರುವುದಕ್ಕೆ ಶೇ. 45 ತೂಕ ಇತ್ತು, ತೆರಿಗೆ ಎತ್ತುವ ಶ್ರಮಕ್ಕೆ ಶೇ. 2.5. ಬಡ ರಾಜ್ಯದ ಮಗುವಿಗೂ ಶಾಲೆ, ಆಸ್ಪತ್ರೆ ಬೇಕು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಶ್ರಮಕ್ಕೆ ಇಷ್ಟು ಕಡಿಮೆ ಬೆಲೆ ಇದ್ದರೆ ಯಾವ ಮುಖ್ಯಮಂತ್ರಿ ತನ್ನ ಜನರ ಮುಂದೆ ಲೆಕ್ಕ ಕೊಡಲು ಮನಸ್ಸು ಮಾಡುತ್ತಾನೆ? ಮೇಲಾಗಿ ಸೆಸ್, ಸರ್ಚಾರ್ಜ್ ಎಂದು ಕೇಂದ್ರ ಎತ್ತುವ ದುಡ್ಡು ಹಂಚಿಕೆಗೇ ಬರುವುದಿಲ್ಲ. ಅದೇ ಸೂತ್ರದಲ್ಲಿ ಕಾಡು ಮತ್ತು ಪರಿಸರಕ್ಕೆ ಶೇ. 10 ಇತ್ತು. ರಾಜ್ಯದಲ್ಲೇ ಹೆಚ್ಚು ಕಾಡು ಇರುವ ಜಿಲ್ಲೆಗಳಲ್ಲಿ ನಮ್ಮ ಉತ್ತರ ಕನ್ನಡ ಮುಂದೆ ಇದೆ. ನಮ್ಮ ಕಾಡು ತೋರಿಸಿ ಬಂದ ದುಡ್ಡು ಬೆಂಗಳೂರಿನ ಖಜಾನೆಗೆ ಸೇರಿತು. ಅಲ್ಲಿಂದ ಯಲ್ಲಾಪುರಕ್ಕೋ ಜೋಯಿಡಾಕ್ಕೋ ಇಷ್ಟು ಬರಬೇಕು ಎಂಬ ನಿಯಮ ಆ ಸೂತ್ರದಲ್ಲಿ ಇರಲಿಲ್ಲ.

ಕೇಂದ್ರ ಕೊಡುವ ದುಡ್ಡಿಗೆ ಷರತ್ತೂ ಇರುತ್ತದೆ. ಜಲಜೀವನ ಯೋಜನೆ 2019ರಲ್ಲಿ ಬಂತು. ತಲೆಗೆ ದಿನಕ್ಕೆ 55 ಲೀಟರ್, ಮನೆಮನೆಗೆ ನಲ್ಲಿ. ಬಯಲುಸೀಮೆಗೆ ಒಳ್ಳೆಯ ಯೋಜನೆ. ನಮ್ಮ ಸಿದ್ದಾಪುರ, ಶಿರಸಿಯ ಹಳ್ಳಿ ಹೇಗಿದೆ? ಒಂದು ಮನೆ ಈ ಗುಡ್ಡದ ಬುಡದಲ್ಲಿ, ಇನ್ನೊಂದು ಹೊಳೆಯಾಚೆ. ಎಷ್ಟೋ ಮನೆಗೆ ಮೇಲಿನ ಒರತೆಯಿಂದ ಪೈಪಿನಲ್ಲಿ ಅಬ್ಬಿ ನೀರು ತಾನಾಗಿ ಇಳಿದು ಬರುತ್ತದೆ. ಇಲ್ಲಿ ಬೇಕಾಗಿರುವುದು ಒರತೆ ಉಳಿಸುವ ಕೆಲಸ. ಯಾವ ಅಡಿಕೆ ಗೊನೆ ಬಲಿತಿದೆ ಎಂದು ಕೊಯ್ಲಿಗೆ ಮರ ಹತ್ತಿದ ಕೊನೆಗೌಡನಿಗೆ ಗೊತ್ತಾಗುವಂತೆ ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. 1974ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಹಯೆಕ್ ಜೀವನವಿಡೀ ಹೇಳಿದ್ದು ಇದನ್ನೇ: ಬೇಕಾದ ತಿಳಿವಳಿಕೆ ಊರೂರಲ್ಲಿ ಚದುರಿದೆ, ಅದನ್ನು ಒಂದು ಕಚೇರಿಗೆ ತರಲು ಆಗುವುದಿಲ್ಲ. ಆದರೆ ನಿಮ್ಮ ಗ್ರಾಮ ಪಂಚಾಯ್ತಿಗೆ 15ನೇ ಆಯೋಗದಿಂದ ಬಂದ ಅನುದಾನದಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದ ಶೇ. 40ರಲ್ಲಿ ಮಾತ್ರ ಸ್ವಂತ ತೀರ್ಮಾನ.

ಬೆಂಗಳೂರು ಇದಕ್ಕಿಂತ ಉದಾರವಾಗಿದೆಯೇ? ಇಲ್ಲ. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆ 1983ರಲ್ಲಿ ಮುಖ್ಯಮಂತ್ರಿಯಾದಾಗ ಎರಡೂ ಕೆಲಸವನ್ನು ಒಟ್ಟಿಗೆ ಮಾಡಿದರು. ಆ ವರ್ಷವೇ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿಗೆ ಕರೆಸಿ ಕೇಂದ್ರದಿಂದ ರಾಜ್ಯಕ್ಕೆ ಅಧಿಕಾರ ಕೇಳಿದರು. ಕೆಲವೇ ತಿಂಗಳಲ್ಲಿ ಕೇಂದ್ರವು ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಲು ಸರ್ಕಾರಿಯಾ ಆಯೋಗ ನೇಮಿಸಿತು. ಜೊತೆಗೆ ತಮ್ಮ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರನ್ನು ಮುಂದಿಟ್ಟು ರಾಜ್ಯದಿಂದ ಜಿಲ್ಲೆಗೆ ಅಧಿಕಾರ ಇಳಿಸಿದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ ಚುನಾವಣೆ ನಡೆಯಿತು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ, ಅವರ ಕೆಳಗೆ ಐಎಎಸ್ ಅಧಿಕಾರಿ. ದೆಹಲಿಯನ್ನು ಕೇಳುವ ನೈತಿಕ ಹಕ್ಕು ಹಾಗೆ ಬರುತ್ತದೆ. ಈಗ ನೋಡಿ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ನನ್ನ ತೆರಿಗೆ ನನ್ನ ಹಕ್ಕು ಎಂದು ದೆಹಲಿಯಲ್ಲಿ ಧರಣಿ ಕೂರುವ ರಾಜ್ಯ, ಕಾರವಾರದ ಜಿಲ್ಲಾ ಪಂಚಾಯ್ತಿಯನ್ನು ಅಧಿಕಾರಿಗಳ ಕೈಲಿ ನಡೆಸಿದ್ದು ನನಗೆ ನೋವಿನ ಸಂಗತಿ. ಇದರಲ್ಲಿ ಯಾವ ಪಕ್ಷವೂ ಹಿಂದೆ ಬಿದ್ದಿಲ್ಲ.

ಹತ್ತಿರದ ಸರ್ಕಾರ ಯಾವಾಗಲೂ ಒಳ್ಳೆಯದು ಎಂಬುದೂ ನಿಜವಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳು ರಾಜ್ಯದ ಹಕ್ಕು ಎನ್ನುತ್ತಲೇ ಕಪ್ಪು ಜನರನ್ನು ದೂರ ಇಟ್ಟಿದ್ದವು. 1964ರಲ್ಲಿ ಒಕ್ಕೂಟ ಸರ್ಕಾರವೇ ಕಾನೂನು ತರಬೇಕಾಯಿತು. ನಮ್ಮ ಹಳ್ಳಿಗಳ ಸಂಕುಚಿತತೆಯ ಬಗ್ಗೆ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ 1948ರಲ್ಲಿ ವ್ಯಕ್ತಪಡಿಸಿದ ಭಯಕ್ಕೆ ಕಾರಣ ಇತ್ತು. ಅಂಕೋಲೆಯ ಗೇಣಿದಾರರು ದಿನಕರ ದೇಸಾಯರ ಜೊತೆ ನಿಂತದ್ದು ಪಕ್ಕದ ಮನೆಯ ಭೂಮಾಲೀಕನ ವಿರುದ್ಧ. ಹಾಗಾಗಿ ಮೂಲಭೂತ ಹಕ್ಕು ಎಲ್ಲ ಹಂತದ ಸರ್ಕಾರಕ್ಕಿಂತ ಮೇಲೆ ಇರಬೇಕು. 1974ರ ಭೂಸುಧಾರಣೆ ಉಳುವವನಿಗೆ ನೆಲ ಕೊಟ್ಟಿತು, ಅದು ಆಗಬೇಕಿತ್ತು. ಆದರೆ ಅದೇ ಕಾಯ್ದೆಯಿಂದ, ಕೆಲವು ವಿನಾಯ್ತಿ ಬಿಟ್ಟರೆ, ಇವತ್ತಿಗೂ ಗೇಣಿಗೆ ಕೊಡುವುದು ಕಾನೂನುಬಾಹಿರ. ಮಕ್ಕಳೆಲ್ಲ ಬೆಂಗಳೂರು ಸೇರಿದ ಕುಮಟಾದ ಮುದುಕಿ ಗದ್ದೆ ಪಾಳು ಬಿಡುತ್ತಾಳೆ. ಮಾಡುವ ಮನಸ್ಸಿರುವವನು ಬಾಯಿಮಾತಿನ ಮೇಲೆ ಮಾಡುತ್ತಾನೆ, ಅವನಿಗೆ ಬೆಳೆಸಾಲವೂ ಇಲ್ಲ, ವಿಮೆಯೂ ಇಲ್ಲ. ನೀತಿ ಆಯೋಗ 2016ರಲ್ಲಿ ಮಾದರಿ ಕಾಯ್ದೆ ಬರೆದು ಕೊಟ್ಟಿತು. ಭೂಮಿ ರಾಜ್ಯ ಪಟ್ಟಿಯದು, ತಿದ್ದಬೇಕಾದವರು ಬೆಂಗಳೂರಿನವರೇ.

ಕೊನೆಗೆ ಅಡಿಕೆ ಆಮದು. ಇದು ಪೂರ್ತಿ ಕೇಂದ್ರ ಪಟ್ಟಿಯದು. ವಿಧಾನಸಭೆಯ ನಿರ್ಣಯಕ್ಕೆ ಇಲ್ಲಿ ಬಲ ಇಲ್ಲ, ಸಂಸದರನ್ನೇ ಹಿಡಿಯಬೇಕು. ಕನಿಷ್ಠ ಆಮದು ದರ 2017ರಲ್ಲಿ ಕಿಲೋಗೆ 251 ರೂಪಾಯಿ ಆಯಿತು, 2023ರ ಫೆಬ್ರವರಿಯಲ್ಲಿ 351. ಮೇಲೆ ಶೇ. 100 ಸುಂಕ. 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಗೆ ಈ ದರದಿಂದ ವಿನಾಯ್ತಿ ಸಿಕ್ಕಿತು. ಮುಕ್ತ ಮಾರುಕಟ್ಟೆಯವರ ನೇರ ಉತ್ತರ, ಈ ಗೋಡೆ ಬೇಡ ಎಂಬುದು. ಇದು ನಿಮಗೆ ಕಹಿ ಎಂದು ಗೊತ್ತು. ನಾನೂ ಆ ಕಡೆಯವನೇ, ಆದರೆ ಒಂದೇ ಏಟಿಗೆ ತೆಗೆಯಿರಿ ಎನ್ನುವುದಿಲ್ಲ. ಸರ್ಕಾರವನ್ನು ನಂಬಿ ನೀವು ತೋಟಕ್ಕೆ ದುಡ್ಡು ಹಾಕಿದ್ದೀರಿ, ಅಡಿಕೆ ಸಸಿ ಫಸಲಿಗೆ ಬರಲು ವರ್ಷಗಳೇ ಬೇಕು. ಮುಂಚೆಯೇ ಹೇಳಿ ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸುವುದು ನ್ಯಾಯ. ಗೋಡೆ ಎತ್ತರ ಆದಷ್ಟೂ ಕಳ್ಳ ಸಾಗಣೆಯ ಲಾಭವೂ ಏರುತ್ತದೆ. ಆ ಅಡಿಕೆ ಸುಂಕ ಕಟ್ಟದೆ ಬಂದು ನಿಮ್ಮ ಚಾಲಿಯ ಜೊತೆಗೇ ಮಾರಾಟವಾಗುತ್ತದೆ. ಗೋಡೆ ಇರುವವರೆಗೆ ಬಂದ ಹೆಚ್ಚಿನ ದರದಲ್ಲಿ ಸಾಲ ತೀರಿಸಿ, ತೋಟದಲ್ಲಿ ಕಾಳುಮೆಣಸು ಹಬ್ಬಿಸಿ. ಎಪಿಎಂಸಿ ವಿಷಯದಲ್ಲಿ, ಅಂಗಳ ಉಳಿಯಲಿ, ಹೊರಗೆ ಮಾರುವ ಹಕ್ಕೂ ಇರಲಿ, ಎರಡೂ ಕಡೆ ಒಂದೇ ಶುಲ್ಕ ಇರಲಿ ಎಂದು ನಿಮ್ಮ ಶಾಸಕರಿಗೆ ಬರೆಯಿರಿ. ಮುಂದಿನ ಗ್ರಾಮಸಭೆಯಲ್ಲಿ ಪಂಚಾಯ್ತಿ ಸ್ವಂತವಾಗಿ ಎತ್ತಿದ ತೆರಿಗೆ ಎಷ್ಟು, ಅದು ಎಲ್ಲಿಗೆ ಹೋಯಿತು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.